ಹೊರಡಲು ಒಳ್ಳೆಯ ಕಾಲ

ಕಾರ್ಯಕ್ಕೆ ಬಂದಿದ್ದವರೆಲ್ಲ ಹೋದ ಮಾರನೆಯ ಬೆಳಿಗ್ಗೆ ಹಾಲಿನವನು ಎಂದಿನಂತೆ ಒಂದು ಲೀಟರು ಅಳೆದು ಹೋದ. ಅರ್ಧ ಸಾಕು ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವನು ಪಕ್ಕದ ಮನೆಯ ಗೇಟಿನಲ್ಲಿದ್ದ. ಹಾಲು ಕಾಯಿಸಿದೆ. ಉಕ್ಕಿತು. ಒಲೆ ಒರೆಸಿದೆ. ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸಿ, ಎರಡನ್ನೂ ನಾನೇ ಕುಡಿದೆ. ಅದರಿಂದ ದುಃಖವೇನೂ ಆಗಲಿಲ್ಲ. ಸ್ವಲ್ಪ ಎದೆಯುರಿ ಆಯಿತು.

ಹೊರಗೆ ಮಳೆ ಹಿಡಿದಿತ್ತು. ಮನೆಯ ಮುಂಭಾಗದಲ್ಲೇ ಇರುವ ನನ್ನ ಗಂಡನ ಅಂಗಡಿಯ ಬಾಗಿಲನ್ನು ಯಾರೋ ತಟ್ಟಿದರು. ತೆಗೆದರೆ ಎಣ್ಣೆಗಾಣದ ಮಲ್ಲಪ್ಪನವರು, ಜೊತೆಗೆ ಅವರ ಮಗಳು.

"ಅವರು ಇಲ್ಲ," ಎಂದೆ.

"ಅಯ್ಯೋ, ಗೊತ್ತಿಲ್ವೇನಮ್ಮ ನಂಗೆ! ಹೆಗಲು ಕೊಟ್ಟೋನೇ ನಾನು. ಇನ್ನೂ ಭುಜ ನೋಯ್ತೈತೆ." ಮಲ್ಲಪ್ಪನವರು ಕೊಡೆ ಮಡಿಸಿ ಒಳಗೆ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತರು. "ನಮ್ಮ ಹುಡುಗಿಗೆ ಬರೋ ಯುಗಾದಿಗೆ ಹದಿನೆಂಟು ತುಂಬ್ತೈತೆ. ಯಾವ ಕಾಲ ತಗಂಡ್ರೆ ಒಳ್ಳೇದು ಅಂತ ಪಂಪಣ್ಣ ಏನಾದ್ರೂ ಹೇಳಿಟ್ಟು ಹೋದನಾ?"

"ಇಲ್ಲ."

"ಹಂಗಾದ್ರೆ ನೀವೇ ಹೇಳಿ. ಓದಿದೋರು."

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗಂಡನ ಕುರ್ಚಿಯಲ್ಲಿ ಕೂತೆ. ಬೇರೆ ಕುರ್ಚಿ ಇರಲಿಲ್ಲ.

ಈ ಊರಿನಲ್ಲಿ ಹದಿನೆಂಟು ತುಂಬಿದವರು ಯುಗಾದಿಯ ದಿನ ಚಾವಡಿಯ ಒಳಕೋಣೆಗೆ ಒಬ್ಬೊಬ್ಬರಾಗಿ ಹೋಗುತ್ತಾರೆ. ಕೋಣೆ ಕತ್ತಲು. ಅಲ್ಲಿ ಮೂರು ದೊಡ್ಡ ಬುಟ್ಟಿಗಳಿವೆ. ಒಂದರಲ್ಲಿ ಬೀಸಣಿಗೆ, ಒಂದರಲ್ಲಿ ಕೊಡೆ, ಇನ್ನೊಂದರಲ್ಲಿ ಕಂಬಳಿ. ಒಂದನ್ನು ಮಾತ್ರ ತರಬೇಕು. ಬೀಸಣಿಗೆ ತಂದವರು ಬೇಸಿಗೆಯಲ್ಲಿ, ಕೊಡೆ ತಂದವರು ಮಳೆಗಾಲದಲ್ಲಿ, ಕಂಬಳಿ ತಂದವರು ಚಳಿಗಾಲದಲ್ಲಿ ಅದನ್ನು ಹಿಡಿದು ಊರಾಚೆ ಹೋಗಬಹುದು, ಬರಬಹುದು. ಉಳಿದ ಕಾಲದಲ್ಲಿ ಹೊರಟರೆ ರಸ್ತೆ ಗಡಿಕಲ್ಲಿನ ತನಕ ನೆಟ್ಟಗೆ ಹೋಗಿ, ಆಮೇಲೆ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯ ಮುಂದೆ ತಂದು ಬಿಡುತ್ತದೆ. ಚಹಾದಂಗಡಿಗೆ ಒಳ್ಳೆಯ ವ್ಯಾಪಾರ. ಬಸ್ಸಿನಲ್ಲಿ ಒಬ್ಬರು ತಪ್ಪು ಕಾಲದವರಿದ್ದರೂ ಇಡೀ ಬಸ್ಸು ಮರಳುತ್ತದೆ. ಅದಕ್ಕೇ ಇಲ್ಲಿನ ಕಂಡಕ್ಟರುಗಳು ಮೊದಲು ಕೈಯಲ್ಲಿರುವುದನ್ನು ನೋಡುತ್ತಾರೆ, ಆಮೇಲೆ ಟಿಕೆಟ್ಟು.

ಒಮ್ಮೆ ತಂದದ್ದನ್ನು ಬದಲಾಯಿಸುವಂತಿಲ್ಲ. ಕೈಗಡ ಕೊಡಬಹುದು. ಆದರೆ ಕೊಡುವವರ ಕೈಯಿಂದ ತೆಗೆದುಕೊಳ್ಳುವವರ ಕೈಗೇ ಹೋಗಬೇಕು, ಹಾಗೆಯೇ ವಾಪಸ್ ಬರಬೇಕು. ನಡುವೆ ಮೂರನೆಯವರು ಮುಟ್ಟಿದರೆ ಕೊಡೆ ಬರೀ ಕೊಡೆ, ಕಂಬಳಿ ಬರೀ ಕಂಬಳಿ. ಕೊಟ್ಟವರು ವಾಪಸ್ ಕೇಳುವಂತೆಯೂ ಇಲ್ಲ. ಕೇಳಿದರೂ ಅಷ್ಟೇ ಗತಿ. ಹೀಗಾಗಿ ಈ ಊರಿನ ಜನ ಬಹಳ ಸಭ್ಯರು, ಮತ್ತು ಯಾರೂ ಯಾರಿಗೂ ಸುಲಭದಲ್ಲಿ ಏನನ್ನೂ ಕೊಡುವುದಿಲ್ಲ.

ಬೇಸಿಗೆಯವರಿಗೆ ಮದುವೆ ಸೀಸನ್ನು ಸಿಗುತ್ತದೆ, ಮಾವು ಸಿಗುತ್ತದೆ, ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ. ಚಳಿಗಾಲದವರು ತಾವೇ ಬುದ್ಧಿವಂತರೆಂದು ತಿಳಿದಿದ್ದಾರೆ. ಮಳೆಗಾಲದವರನ್ನು ಉಳಿದಿಬ್ಬರೂ ಕನಿಕರದಿಂದ ನೋಡುತ್ತಾರೆ. ಅವರು ಮಾತ್ರ, ದೇಶ ನೋಡಬೇಕಾದರೆ ಹಸಿರಾಗಿರುವಾಗಲೇ ನೋಡಬೇಕು ಎನ್ನುತ್ತಾ ಒದ್ದೆಯಾಗಿ ಬರುತ್ತಾರೆ. ಜಾತಕ ಕೂಡಿದರೂ ಕಾಲ ಕೂಡದೆ ಮುರಿದ ಸಂಬಂಧಗಳು ಎಷ್ಟೋ. ಗಂಡ ಬೇಸಿಗೆ, ಹೆಂಡತಿ ಚಳಿಗಾಲ ಆದರೆ ಇಬ್ಬರೂ ಒಟ್ಟಿಗೆ ಹೋಗುವುದು ಚಹಾದಂಗಡಿಗೆ ಮಾತ್ರ. ಇಂಥ ಮನೆಗಳಲ್ಲಿ ಜಗಳ ಕಡಿಮೆ ಎಂದೂ ಹೇಳುತ್ತಾರೆ.

ಆದ್ದರಿಂದ ಯಾವ ಕಾಲ ಆರಿಸಬೇಕೆಂದು ಹೇಳುವವನೊಬ್ಬ ಊರಿಗೆ ಬೇಕಾಗಿತ್ತು. ನನ್ನ ಗಂಡ ಪಂಪಾಪತಿ ಆ ಕೆಲಸ ಮಾಡುತ್ತಿದ್ದ. ಅವನು ಸ್ವತಃ ಯಾವ ಕಾಲವನ್ನೂ ಆರಿಸಿರಲಿಲ್ಲ. ಹದಿನೆಂಟರ ಯುಗಾದಿಗೆ ಚಾವಡಿಯೊಳಗೆ ಹೋಗಿ, ಬುಟ್ಟಿಗಳ ಮುಂದೆ ಸಂಜೆಯವರೆಗೆ ನಿಂತು, ಬರಿಗೈಯಲ್ಲಿ ಹೊರಗೆ ಬಂದಿದ್ದನಂತೆ. ಮರುವರ್ಷವೂ ಹಾಗೆಯೇ. ಆಮೇಲೆ ಅದೇ ಅಭ್ಯಾಸವಾಯಿತು. ಯಾವುದನ್ನೂ ಆರಿಸದವನಿಗೆ ಪಕ್ಷಪಾತ ಇರುವುದಿಲ್ಲ ಎಂದು ಊರು ಅವನನ್ನು ನಂಬಿತು. ಎಲ್ಲಿಗೂ ಹೋಗದವನ ಬಳಿ ಪ್ರಯಾಣದ ಸಲಹೆ ಕೇಳುವುದು ವಿಚಿತ್ರ ಎಂದು ನನಗೆ ಅನ್ನಿಸಿತ್ತು. ಸನ್ಯಾಸಿಗಳ ಹತ್ತಿರ ಸಂಸಾರದ ಸಲಹೆ ಕೇಳುವುದಿಲ್ಲವೇ ಎಂದು ಅವನು ಕೇಳಿದ್ದ.

ನಾನು ಇಲ್ಲಿನ ಕಾಲೇಜಿಗೆ ಭೂಗೋಳ ಕಲಿಸಲು ಬಂದವಳು. ಹೊರಗಿನವರನ್ನು ರಸ್ತೆ ತಡೆಯುವುದಿಲ್ಲ. ಪ್ರತಿ ಶನಿವಾರ ಅಕ್ಕನ ಮನೆಗೆ ಹೋಗಿ ಬರುತ್ತಿದ್ದೆ. ಮದುವೆಯಾದ ಮಾರನೆಯ ದಿನ ರಸ್ತೆಗೆ ನನ್ನ ಗುರುತು ಸಿಕ್ಕಿತು. ಹೊರಗಿನಿಂದ ಸೊಸೆಯಾಗಿ ಬಂದವಳಿಗೆ ಚಾವಡಿಯಲ್ಲಿ ಪಾಲಿಲ್ಲ. ಗಂಡನ ಕಾಲವೇ ಅವಳ ಕಾಲ. ಗಂಡ ಸತ್ತರೆ ಅವನ ಬೀಸಣಿಗೆಯೋ ಕೊಡೆಯೋ ಅವಳದು. ಗಂಡ ಹೆಂಡತಿಯದು ಒಂದೇ ಕೈ ಎಂದು ಲೆಕ್ಕ. ನನ್ನ ಗಂಡನ ಕೈಯಲ್ಲಿ ಏನೂ ಇರಲಿಲ್ಲವಾದ್ದರಿಂದ ನನ್ನ ಕೈಯಲ್ಲೂ ಇರಲಿಲ್ಲ. "ಈ ಯುಗಾದಿಗೆ ಖಂಡಿತ ಕಣೇ," ಎನ್ನುತ್ತಿದ್ದ. "ಆತುರಪಟ್ಟು ತಪ್ಪು ಕಾಲ ತಂದುಬಿಟ್ಟರೆ ಜೀವಮಾನವಿಡೀ ನೀನೇ ಬೈತೀಯ." ಅಷ್ಟರಲ್ಲಿ ಕಾಲೇಜಿನವರು ಭೂಗೋಳ ವಿಭಾಗವನ್ನು ಮುಚ್ಚಿದರು. ವರ್ಷದಲ್ಲಿ ನಾಲ್ಕು ತಿಂಗಳಷ್ಟೇ ಉಪಯೋಗಕ್ಕೆ ಬರುವ ವಿಷಯವನ್ನು ಮಕ್ಕಳು ಯಾಕೆ ವರ್ಷವಿಡೀ ಓದಬೇಕು ಎಂದು ಪೋಷಕರು ಕೇಳಿದರಂತೆ.

ಅವನು ಸತ್ತದ್ದು ಮಳೆಗಾಲದ ನಡುವೆ, ಇದೇ ಕುರ್ಚಿಯಲ್ಲಿ. ಗಿರಾಕಿಯೊಬ್ಬರಿಗೆ "ಆತುರ ಏನಿದೆ, ಯೋಚನೆ ಮಾಡೋಣ" ಎನ್ನುತ್ತಾ ಎದೆ ಹಿಡಿದುಕೊಂಡ. ರುದ್ರಭೂಮಿ ಗಡಿಕಲ್ಲಿನ ಆಚೆಗಿದೆ. ಸತ್ತವರಿಗೆ ಎಲ್ಲ ಕಾಲವೂ ಒಳ್ಳೆಯ ಕಾಲವೇ. ಹೊರುವವರು ಮಾತ್ರ ಆಯಾ ಕಾಲದವರಾಗಿರಬೇಕು. ಮಲ್ಲಪ್ಪನವರೂ ಇನ್ನಷ್ಟು ಮಳೆಗಾಲದವರೂ ಒಂದು ಕೈಯಲ್ಲಿ ಕೊಡೆ ಹಿಡಿದು ಅವನನ್ನು ಹೊತ್ತರು. ನಾನು ಗಡಿಕಲ್ಲಿನ ತನಕ ಹೋದೆ. ಅವನು ದಾಟಿದ. ನನಗೆ ಅಳು ಬರಲಿಲ್ಲ. ಹೊಟ್ಟೆಕಿಚ್ಚಿನಂಥದ್ದು ಏನೋ ಬಂತು.

ಮಲ್ಲಪ್ಪನವರು ಕಾಯುತ್ತಿದ್ದರು. ನಾನು ತರಗತಿಯಲ್ಲಿ ಹೇಳುತ್ತಿದ್ದುದನ್ನೇ ಹೇಳಿದೆ. ನಮ್ಮದು ಉಷ್ಣವಲಯದ ದೇಶ. ಬೇಸಿಗೆಯಲ್ಲಿ ಬಿಸಿಲು. ಮಳೆಗಾಲದಲ್ಲಿ ಮಳೆ, ಹೊಳೆಗಳು ಉಕ್ಕುತ್ತವೆ, ದಾರಿ ಕಟ್ಟುತ್ತದೆ. ಚಳಿಗಾಲ ಹಿತವಾಗಿರುತ್ತದೆ, ಅದಕ್ಕೇ ಎಲ್ಲರೂ ಆಗಲೇ ಹೊರಡುತ್ತಾರೆ, ಅದಕ್ಕೇ ಅದೂ ಹಿತವಾಗಿರುವುದಿಲ್ಲ.

"ಇದು ನಮಗೂ ಗೊತ್ತಲ್ಲಮ್ಮ," ಎಂದು ಮಲ್ಲಪ್ಪನವರು ಬೇಸರಪಟ್ಟರು. "ಪಂಪಣ್ಣ ಆದ್ರೆ ಕಣ್ಮುಚ್ಚಿ ಒಂದು ಗಳಿಗೆ ಕೂರ್ತಿದ್ದ."

ನಾನು ಕಣ್ಣು ಮುಚ್ಚಿ ಕೂತೆ. ತೆರೆದಾಗ ಹುಡುಗಿ ನಗು ತಡೆದುಕೊಳ್ಳುತ್ತಿದ್ದಳು. "ನಿನಗೆ ಎಲ್ಲಿಗೆ ಹೋಗಬೇಕು?" ಎಂದು ಕೇಳಿದೆ. "ಎಲ್ಲಿಗಾದ್ರೂ ಸರಿ ಅಕ್ಕ," ಎಂದಳು. "ಹಾಗಾದರೆ ಯಾವ ಕಾಲವಾದರೂ ಸರಿ," ಎಂದೆ. ಇದು ದೊಡ್ಡ ಮಾತು ಎಂದು ಮಲ್ಲಪ್ಪನವರು ಹೊಗಳಿಕೊಂಡು ಹೋದರು. ಮಾರನೆಯ ದಿನದಿಂದ ಜನ ಬರತೊಡಗಿದರು.

ಹೊಳೆ ಉಕ್ಕಿ ದಾರಿ ಕಟ್ಟಿದ್ದರಿಂದ ಮಣ್ಣಿಗೆ ಸಿಗದ ನನ್ನ ಅಕ್ಕ ಜಲಜ ಆ ವಾರ ಕಾರಿನಲ್ಲಿ ಬಂದಳು. ಭಾವ ಓಡಿಸುತ್ತಿದ್ದರು. ಅಕ್ಕ ಅತ್ತಳು. ನಾನು ಅವಳಿಗೆ ನೀರು ಕೊಟ್ಟೆ. "ಬಟ್ಟೆ ತುಂಬಿಕೋ ವಾರಿಜ, ಈ ಹುಚ್ಚೂರಿನಲ್ಲಿ ಒಂದು ದಿನವೂ ಇರೋದು ಬೇಡ," ಎಂದಳು. ರಸ್ತೆಯ ವಿಷಯ ಹೇಳಿದೆ. ಮೊದಲಿಂದಲೂ ಅವಳು ಅದನ್ನು ನಂಬಿರಲಿಲ್ಲ. ಗಂಡ ಕಳಿಸುವುದಿಲ್ಲ ಎಂಬುದಕ್ಕೆ ನಾನು ಕಟ್ಟಿದ ಮರ್ಯಾದೆಯ ಕಥೆ ಎಂದುಕೊಂಡಿದ್ದಳು.

ಕಾರು ಹತ್ತಿದೆವು. ಗಡಿಕಲ್ಲು ಬಂತು, ಚಹಾದಂಗಡಿ ಬಂತು.

"ಎಲ್ಲೋ ತಿರುವು ತಪ್ಪಿತು," ಎಂದರು ಭಾವ.

ಎರಡನೆಯ ಸಲವೂ ಚಹಾದಂಗಡಿ ಬಂತು. ಭಾವ ಮೊಬೈಲನ್ನು ಸ್ಟಿಯರಿಂಗಿನ ಮೇಲೆ ಇಟ್ಟುಕೊಂಡು ಹೊರಟರು. ಮತ್ತೆ ಚಹಾದಂಗಡಿ. "ಮ್ಯಾಪು ನೇರ ಅಂತಾನೇ ಹೇಳ್ತಿದೆಯಲ್ರೀ! ತಿರುವೇ ಇಲ್ಲ!" ಎಂದು ಅಕ್ಕ ಕೂಗಾಡಿದಳು. ಅಂಗಡಿಯವನು ಕಿಟಕಿಯ ಹತ್ತಿರ ಬಗ್ಗಿ, "ಮೂರು ಚಾ ಮಾಡ್ಲಾ ಸಾರ್? ಇನ್ನೊಂದ್ ರೌಂಡ್ ಹೋಗ್ ಬರ್ತೀರಾ?" ಎಂದು ವಿಚಾರಿಸಿದ.

ಇನ್ನೊಂದು ಸುತ್ತು ಹೋಗಿ ಬಂದು ಕುಡಿದೆವು.

ನನ್ನನ್ನು ಇಳಿಸಿದ ಮೇಲೆ ಕಾರು ಹೋಯಿತು, ಮರಳಲಿಲ್ಲ. ಹೋಗುವ ಮುಂಚೆ ಅಕ್ಕ ನನ್ನ ಕೈ ಹಿಡಿದು ಹೇಳಿದಳು: ನಾನು ಓದಿದ ವಿಶ್ವವಿದ್ಯಾಲಯದಲ್ಲೇ, ನನ್ನ ವಿಭಾಗದಲ್ಲೇ ಒಂದು ಕೆಲಸ ಖಾಲಿ ಇದೆ. ನನ್ನ ಮೇಷ್ಟ್ರು ನನ್ನನ್ನು ಕೇಳಿ ಕಳಿಸಿದ್ದಾರೆ. ಸಂಕ್ರಾಂತಿಯೊಳಗೆ ಹೋಗಿ ಸೇರಬೇಕು, ತಪ್ಪಿದರೆ ಬೇರೆಯವರಿಗೆ. "ಹೇಗಾದರೂ ಬಾ," ಎಂದಳು. ಹೇಗಾದರೂ ಎಂಬುದು ಈ ಊರಿನಲ್ಲಿ ಇಲ್ಲದ ವಿಧಾನ.

ಪಕ್ಕದ ಮನೆಯ ಹಾಲಮ್ಮನವರು ಆ ದಿನಗಳಲ್ಲಿ ದಿನವೂ ಬರುತ್ತಿದ್ದರು. ಪಂಪಾಪತಿ ಅವರನ್ನು ದೊಡ್ಡವ್ವ ಎನ್ನುತ್ತಿದ್ದ, ನಾನೂ ಹಾಗೆಯೇ ಕರೆಯುತ್ತಿದ್ದೆ. ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ ತಂದು ನಾನು ಉಂಡು ಮುಗಿಸುವ ತನಕ ಎದುರಿಗೇ ಕೂರುತ್ತಿದ್ದರು. ಸಮಾಧಾನ ಹೇಳುತ್ತಿರಲಿಲ್ಲ. ಅದಕ್ಕೇ ಅವರು ಬರುವುದು ನನಗೆ ಭಾರವಾಗುತ್ತಿರಲಿಲ್ಲ. ಕೈಯಲ್ಲಿ ಉಲ್ಲನ್ ಇರುತ್ತಿತ್ತು. ಆಚೆ ಊರಿಗೆ ಕೊಟ್ಟ ಮಗಳು ಬಸುರಿ. ಚಳಿಗಾಲಕ್ಕೆ ಹೆರಿಗೆ. ಮಗಳು ಬೀಸಣಿಗೆ ತಂದವಳು, ಬೇಸಿಗೆಯ ಹೊರತು ತವರಿಗೆ ಬರಲಾರಳು. ಹಾಲಮ್ಮನವರು ಚಳಿಗಾಲದವರು.

"ಕೈ ತಪ್ಪಿ ಅತ್ಲಾಗೆ ಬೀಸಣಿಗೆ ತಂದ್ಲು, ಇತ್ಲಾಗೆ ಚಳೀಲಿ ಹಡೆಯೋಕೆ ಕೂತ್ಲು," ಎಂದು ಕುಲಾವಿ ಹೆಣೆಯುತ್ತಾ ಗೊಣಗುತ್ತಿದ್ದರು. "ಅತ್ತೆ ಇಲ್ಲ, ನಾದಿನಿ ಇಲ್ಲ. ಬಾಣಂತನ ಗಂಡ ಮಾಡ್ತಾನಂತೆ. ಅವನಿಗೆ ಬಿಸಿನೀರು ಕಾಯ್ಸಾಕೂ ಬರಲ್ಲ."

"ನೀವು ಹೋಗ್ತೀರಲ್ಲ ದೊಡ್ಡವ್ವ."

"ನೋಡಾಣ ಬಿಡವ್ವ. ಚಳಿ ಬರ್ಲಿ."

ಮಳೆ ಹಿಂದಾಯಿತು. ದೀಪಾವಳಿಯ ಹೊತ್ತಿಗೆ ಅಂಗಡಿಯ ಅಟ್ಟ ಗುಡಿಸಲು ಹತ್ತಿದೆ. ಪಂಪಾಪತಿಯ ಹಳೆಯ ಟ್ರಂಕಿನಲ್ಲಿ ಬೇವಿನೆಲೆ ಹಾಕಿ ಮಡಿಸಿಟ್ಟ ಕಂಬಳಿಯೊಂದಿತ್ತು. ಕರಿ ಕಂಬಳಿ, ಚಾವಡಿಯ ಕೆಂಪು ಅಂಚು. ಒಂದು ಮೂಲೆಯಲ್ಲಿ ಸಣ್ಣ ತೂತು.

ಏಣಿಯ ಮೇಲೆಯೇ ಕೂತೆ. ಹೋದ ಯುಗಾದಿಗೂ ಅವನು ಚಾವಡಿಗೆ ಹೋಗಿದ್ದ. ಬರಿಗೈಯಲ್ಲಿ ಬಂದೆ ಎಂದು ನನ್ನೊಡನೆ ಹೇಳಿದ್ದ. ಒಳಕೋಣೆಯಿಂದ ಯಾರು ಏನು ತಂದರೆಂದು ಯಾರೂ ನೋಡುವುದಿಲ್ಲ. ಹಾಗಾದರೆ ತಂದಿದ್ದ. ನನಗೆ ಹೇಳದೆ ತಂದು, ಚಳಿ ಬಿದ್ದ ದಿನ ಬೆರಗುಗೊಳಿಸಬೇಕೆಂದು ಮುಚ್ಚಿಟ್ಟಿದ್ದ. ಅವನ ಜೀವನದಲ್ಲೇ ಅವನು ತೆಗೆದುಕೊಂಡ ಒಂದೇ ನಿರ್ಧಾರ, ಅದನ್ನು ಹೇಳುವಷ್ಟರಲ್ಲಿ ಸತ್ತಿದ್ದ. ಇದು ಅವನಿಗೆ ಒಪ್ಪುವಂತೆಯೇ ಇತ್ತು. ಹಾಗೆ ನಂಬುವುದು ನನಗೆ ಬೇಕಾಗಿಯೂ ಇತ್ತು.

ಮಧ್ಯಾಹ್ನ ರೊಟ್ಟಿ ತಂದ ಹಾಲಮ್ಮನವರಿಗೆ ತೋರಿಸಿದೆ. ಅವರು ಬುಟ್ಟಿಯನ್ನು ನೆಲದ ಮೇಲಿಟ್ಟು ಬಹಳ ಹೊತ್ತು ಕಂಬಳಿಯನ್ನು ನೋಡಿದರು.

"ಅವನು ಆರಿಸಿಬಿಟ್ಟಿದ್ದ ದೊಡ್ಡವ್ವ. ನನಗೆ ಹೇಳಿರಲೇ ಇಲ್ಲ."

"ಹೂಂ."

"ಇದು ನನ್ನದಾಯಿತು ಅಲ್ಲವೇ? ನಾನು ಹೋಗಬಹುದು."

"ಕಂಬಳಿ ಚೆನ್ನಾಗೈತೆ ಕಣವ್ವ," ಎಂದರು ಹಾಲಮ್ಮನವರು. ಆಮೇಲೆ, "ರೊಟ್ಟಿ ತಣ್ಣಗಾಗ್ತವೆ, ಉಣ್ಣು," ಎಂದರು.

ಸುದ್ದಿ ಊರಿಗೆ ಹಬ್ಬಿತು. ಪಂಪಣ್ಣ ಕೊನೆಗೂ ಚಳಿಗಾಲವೇ ಸರಿ ಅಂದನಲ್ಲ ಎಂದು ಚಳಿಗಾಲದವರು ಬೀಗಿದರು. ತಮ್ಮಲ್ಲೊಬ್ಬಳಾದೆ ಎಂದು ಅವರ ಹೆಂಗಸರು ಬಂದು ಅರಿಶಿನ ಹಾಲು ಕುಡಿಸಿ ಹೋದರು. ಬೇಸಿಗೆಯವರು ಅಂಗಡಿಯ ಕಡೆ ಬರುವುದನ್ನೇ ಬಿಟ್ಟರು. ಮಲ್ಲಪ್ಪನವರಂತೂ ಬಾಗಿಲಿಗೇ ಬಂದು ಕೇಳಿದರು. "ನಾವು ಮಳೇಲಿ ತೊಯ್ಕೊಂಡು ಹೆಗಲು ಕೊಟ್ವಿ. ಒಳಗೊಳಗೇ ಚಳಿಗಾಲ ಇಟ್ಕಂಡಿದ್ನಾ ಈ ಮನುಷ್ಯ? ಒಂದು ಮಾತು ಹೇಳ್ಬೇಡ್ವಾ?"

"ಯಾರಿಗೆ, ಯಾವಾಗ ಹೇಳಬೇಕಿತ್ತು?" ಎಂದೆ. ಅವರು ಯೋಚಿಸಿ, "ಅದೂ ಹೌದನ್ನಿ," ಎಂದರು.

ಮಾರ್ಗಶಿರದಲ್ಲಿ ಚಳಿ ಶುರುವಾಯಿತು. ಅಕ್ಕನಿಗೆ ಫೋನ್ ಮಾಡಿ ಬರುತ್ತೇನೆ ಎಂದೆ. ಅಂಗಡಿಯ ಬೋರ್ಡು ಇಳಿಸಿದೆ. ಎರಡು ಬ್ಯಾಗು ತುಂಬಿದೆ. ಮತ್ತೆ ಈ ಕಡೆ ಬರುವ ಯೋಚನೆ ನನಗಿರಲಿಲ್ಲ, ಬರುವುದಕ್ಕೆ ಇಲ್ಲಿ ಏನೂ ಇರಲಿಲ್ಲ. ಹೊರಡುವ ಹಿಂದಿನ ದಿನ ಹಾಲಮ್ಮನವರು ಸೂಜಿ, ಕರಿ ನೂಲು ಹಿಡಿದು ಬಂದರು. "ಆ ತೂತು ಮುಚ್ಚಿಕೊಡ್ತೀನಿ ತಾ. ಗಾಳಿ ಹೊಗ್ತೈತೆ."

"ನೀವು ಮುಟ್ಟಬಹುದಾ ದೊಡ್ಡವ್ವ? ಮೂರನೆಯವರು ಮುಟ್ಟಿದರೆ..."

"ಮುದುಕಿ ಕೈಗೆ ಏನೂ ಇಲ್ಲ, ಕೊಡವ್ವ."

ನಾನು ಕೊಟ್ಟೆ. ಅವರು ಬಾಗಿಲಿನ ಬೆಳಕಿಗೆ ಕಂಬಳಿಯನ್ನು ತೊಡೆಯ ಮೇಲೆ ಹರಡಿಕೊಂಡು, ತೂತಿನ ಸುತ್ತ ಎಳೆ ಹಾಯಿಸಿ, ಅಡ್ಡ ಉದ್ದ ನೇಯ್ದು ಮುಚ್ಚಿದರು. ಹೊಲಿಗೆ ಹಾಕಿದ್ದು ಎಲ್ಲೆಂದು ಹುಡುಕಬೇಕು, ಹಾಗೆ. ಮುಗಿದ ಮೇಲೂ ಅಂಗೈಯಿಂದ ಅದನ್ನು ಸವರುತ್ತಾ ಕೂತಿದ್ದರು. ಅದು ನನ್ನ ಮೇಲಿನ ಮಮತೆ ಎಂದು ನಾನು ತಿಳಿದೆ.

ಬೆಳಿಗ್ಗೆ ಬಸ್ಸಿಗೆ ಹೊರಟಾಗ ಬಟ್ಟೆಯ ಗಂಟೊಂದನ್ನು ತಂದು ನನ್ನ ಕಂಕುಳಿಗೆ ಸಿಕ್ಕಿಸಿದರು. "ಅಂಟಿನುಂಡೆ ಅದಾವೆ. ಕುಲಾವಿ, ಬಜೆ, ಹಳೆ ಸೀರೆ ತುಂಡು. ನಿಮ್ಮಕ್ಕನ ಊರಿನ ದಾರೀಲೇ ನನ್ನ ಮಗಳ ಊರು. ಬಸ್‌ಸ್ಟ್ಯಾಂಡಿಗೆ ಅಳಿಯ ಬರ್ತಾನೆ, ಕೈಗೆ ಕೊಟ್ಟುಬಿಡು."

"ನೀವೇ ಹೋಗುತ್ತಿಲ್ಲವೇ?"

"ಮಂಡಿ ನೋವು ಕಣವ್ವ. ಬಸ್ಸಿನ ಮೆಟ್ಲು ಏರಾಕಾಗಲ್ಲ." ಎಂದವರು ನನ್ನ ಒಂದು ಬ್ಯಾಗನ್ನು ಹೊತ್ತುಕೊಂಡು ನಿಲ್ದಾಣದ ತನಕ ನಡೆದು ಬಂದರು. ಬಸ್ಸಿನ ಮೆಟ್ಟಿಲು ಹತ್ತಿ, ಕಿಟಕಿಯ ಸೀಟು ಹಿಡಿದು, ಅದರ ಮೇಲೆ ಬ್ಯಾಗು ಇಟ್ಟು ಇಳಿದರು. ಆಗಲೂ ನನಗೆ ಏನೂ ತೋಚಲಿಲ್ಲ. ನಾನು ಆಗಲೇ ಹೋಗಿಬಿಟ್ಟಿದ್ದೆ.

ಬಾಗಿಲಲ್ಲಿ ಕಂಡಕ್ಟರು ಕೊಟ್ರೇಶಿ ಎಲ್ಲರ ಹೆಗಲನ್ನೂ ನೋಡಿ "ಕಂಬಳಿ, ಕಂಬಳಿ, ಕಂಬಳಿ" ಎಂದು ಒಳಗೆ ಬಿಟ್ಟ. ಬಸ್ಸು ಹೊರಟಿತು. ಗಡಿಕಲ್ಲು ಹತ್ತಿರ ಬಂದಾಗ ನಾನು ಕಣ್ಣು ಮುಚ್ಚಿದೆ. ತೆರೆದಾಗ ಚಹಾದಂಗಡಿ ಇರಲಿಲ್ಲ. ತೊಗರಿ ಹೊಲವಿತ್ತು. ಮತ್ತೂ ತೊಗರಿ ಹೊಲ. ಈಚೆಯ ತೊಗರಿಗೂ ಆಚೆಯ ತೊಗರಿಗೂ ಏನೂ ವ್ಯತ್ಯಾಸವಿರಲಿಲ್ಲ. ಇದನ್ನು ಗಮನಿಸಲು ಇಷ್ಟು ವರ್ಷ ಕಾದಿದ್ದೆ.

ಆಗ ಕೊಟ್ರೇಶಿ ಟಿಕೆಟ್ಟು ಕೊಡುತ್ತಾ ಬಂದ. ನನ್ನ ಹೆಗಲಿನ ಮೇಲೆ ಬಗ್ಗಿ, ಮುಟ್ಟದೆ ಪೆನ್ನಿನ ತುದಿಯಿಂದ ತೋರಿಸಿ, "ಏ, ತೂತು ಮುಚ್ಚಿಬಿಟ್ಟಾರಲ್ಲ!" ಎಂದ.

"ಯಾವ ತೂತು?"

"ಅಲ್ಲೇ, ಮೂಲೇಲಿ. ನಂದೇ ಕೆಲಸ ಮೇಡಂ. ಒಂದ್ಸಲ ಬೀಡಿ ಕಿಡಿ ಹಾರಿಸಿಬಿಟ್ಟಿದ್ದೆ. ಹಾಲಮ್ಮಾರು ಮಗಳ ಊರು ಬರೋ ತನಕ ನನ್ನ ವಂಶಾನೇ ಬೈದ್ರು. ಅವ್ರ ಕಂಬಳಿ ನಾನು ಕತ್ತಲಲ್ಲೂ ಗುರ್ತು ಹಿಡೀತೀನಿ." ಅವನು ಟಿಕೆಟ್ಟು ಹರಿದ. "ನಿಮಗೇ ಕೊಟ್ಬಿಟ್ರಾ? ಹೋದ ಚಳಿಗಾಲದಲ್ಲಿ ಪಂಪಣ್ಣಂಗೆ ಕೊಟ್ಟಿದ್ರು. ಆವಯ್ಯ ಮೊದಲ್ನೇ ಸ್ಟಾಪಿಗೇ ಟಿಕೆಟ್ ತಗಂಡ. ಜೀವಮಾನಕ್ಕೊಂದ್ಸಲ ಹೊಂಟು ಇಲ್ಲಿಗಾ ಅಂದೆ. ನಾನು ತಿರುಗಿ ಬರೋವಾಗ ಅದೇ ಬೆಂಚಿನ ಮೇಲೆ ಕೂತಿದ್ದ. ಹತ್ತಿಸ್ಕಂಡು ಬಂದೆ."

ನನ್ನ ತೊಡೆಯ ಮೇಲೆ ಗಂಟು ಇತ್ತು. ಅಂಟಿನುಂಡೆಯ ತುಪ್ಪದ ವಾಸನೆ ಬರುತ್ತಿತ್ತು. ಮಂಡಿ ನೋವಿರಲಿಲ್ಲ. ಮುದುಕಿಯ ಕೈ ಮೂರನೆಯವರ ಕೈ ಆಗಿರಲಿಲ್ಲ. ಪಂಪಾಪತಿ ಏನನ್ನೂ ಆರಿಸಿರಲಿಲ್ಲ. ಒಂದೊಂದಾಗಿ ಇಷ್ಟು ತಿಳಿಯಿತು.

"ಇದನ್ನು ಅವರಿಗೆ ಮುಟ್ಟಿಸುತ್ತೀರಾ?" ಎಂದು ಕೇಳಿದೆ.

ಕೊಟ್ರೇಶಿ ಎರಡು ಹೆಜ್ಜೆ ಹಿಂದೆ ಸರಿದ. "ನನ್ನ ಕೈಗೆ ಬಂದ್ರೆ ಬರೀ ಕಂಬಳಿ ಆಗ್ತೈತಲ್ಲ ಮೇಡಂ. ನಿಮಗೆ ಗೊತ್ತಿಲ್ದೇ ಇರೋದಾ?"

ಮೊದಲನೆಯ ಸ್ಟಾಪಿನಲ್ಲಿ ಇಳಿದೆ. ಬ್ಯಾಗುಗಳನ್ನು ಕೆಳಗಿಟ್ಟೆ. ಬಸ್ಸು ಹೋಯಿತು. ಒಂದು ಸಿಮೆಂಟಿನ ಬೆಂಚು, ಒಂದು ಗೂಡಂಗಡಿ, ಒಂದು ಹುಣಸೆ ಮರ. ಗೂಡಂಗಡಿಯಲ್ಲಿ ಚಹಾ ತೆಗೆದುಕೊಂಡು ಬೆಂಚಿನ ಮೇಲೆ ಕೂತೆ. ಹೋದ ಚಳಿಗಾಲದ ಒಂದು ಸಂಜೆ ಊಟ ಮಾಡುತ್ತಾ ಪಂಪಾಪತಿ, "ಆಚೆ ಚಹಾ ಕೂಡ ಇಲ್ಲಿಯ ಹಾಗೇ ಇರುತ್ತಂತೆ," ಎಂದಿದ್ದ. ಯಾರು ಹೇಳಿದರು ಎಂದು ನಾನು ಕೇಳಿರಲಿಲ್ಲ. ಚಹಾ ಹಾಗೆಯೇ ಇತ್ತು.

ಅಕ್ಕ ಫೋನ್ ಮಾಡಿದಳು. "ದಾಟಿದೆಯಾ? ನಿಜವಾಗಿ ದಾಟಿದೆಯಾ?"

"ದಾಟಿದೆ."

"ಅಯ್ಯೋ ದೇವರೇ! ಈಗ ಎಲ್ಲಿದ್ದೀ?"

"ಮೊದಲನೇ ಸ್ಟಾಪಿನಲ್ಲಿ."

"ಅಲ್ಲೇನು ಮಾಡ್ತಿದೀಯ? ಸಿಕ್ಕಿದ ಬಸ್ಸು ಹತ್ತು!"

"ಹತ್ತುತ್ತೇನೆ," ಎಂದೆ.

ಯಾರೂ ನನ್ನನ್ನು ತಡೆಯುತ್ತಿರಲಿಲ್ಲ. ಹಾಲಮ್ಮನವರು ಕೇಳಿರಲಿಲ್ಲ, ಕೇಳುವಂತೆಯೂ ಇರಲಿಲ್ಲ. ಅಳಿಯನ ಕೈಗೆ ಗಂಟು ಕೊಟ್ಟು, ಅಕ್ಕನ ಮನೆಗೆ ಹೋಗಿ, ಸಂಕ್ರಾಂತಿಯೊಳಗೆ ಕೆಲಸಕ್ಕೆ ಸೇರಿ, ಉಷ್ಣವಲಯದ ಋತುಗಳ ಬಗ್ಗೆ ಪಾಠ ಮಾಡಬಹುದಿತ್ತು. ಒಂದು ಹೆರಿಗೆ ಒಬ್ಬ ಅಮ್ಮ ಇಲ್ಲದೆ ನಡೆಯುತ್ತಿತ್ತು. ನಡೆಯುತ್ತದೆ, ಲೋಕದಲ್ಲಿ ಎಷ್ಟೋ ನಡೆಯುತ್ತವೆ. ಆ ಕಡೆಗೆ ಹೋಗುವ ಬಸ್ಸು ಮೊದಲು ಬಂತು. ನಿಂತು ಹಾರನ್ ಮಾಡಿತು. ಕಿಟಕಿಯ ಸೀಟೇ ಖಾಲಿ ಇತ್ತು. ನಾನು ಎದ್ದು ನಿಂತೆ, ಬ್ಯಾಗು ಎತ್ತಿಕೊಂಡೆ. ಆಮೇಲೆ ಅದನ್ನು ಕೆಳಗಿಟ್ಟೆ. ಡ್ರೈವರು ಏನೋ ಬೈದು ಹೋದ. ಈಚೆ ಬರುವ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಯಿತು.

ಇಳಿದಾಗ ಚಹಾದಂಗಡಿಯವನು ಕಂಬಳಿಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದ. "ಏನಕ್ಕ, ಚಳಿಗಾಲದಲ್ಲೂ ರಸ್ತೆ ತಿರುಗ್ಸಿಬಿಡ್ತಾ?"

"ರಸ್ತೆ ತಿರುಗಲಿಲ್ಲ. ನಾನೇ ತಿರುಗಿದೆ."

ಇಂಥ ಪ್ರಕರಣ ಅವನ ಅನುಭವದಲ್ಲಿ ಇರಲಿಲ್ಲ. ಬ್ಯಾಗುಗಳನ್ನು ಅಂಗಡಿಯಲ್ಲಿ ಇಟ್ಟುಕೊಂಡ.

ಹಾಲಮ್ಮನವರು ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಿ ನೋಡಿದರು.

"ಯಾಕವ್ವ, ಬಸ್ಸು ಕೆಟ್ತಾ?"

"ಇಲ್ಲ. ಗಂಟನ್ನು ನೀವೇ ಒಯ್ಯಿರಿ ದೊಡ್ಡವ್ವ."

ಅವರು ಅವರೆಕಾಯಿಯನ್ನು ಕೈಬಿಟ್ಟರು. "ಆ ಕೊಟ್ರೇಶಿ ಬಾಯಿ ಬಿಟ್ಟನಾ? ಅವನ ಬಾಯಿಗಿಷ್ಟು ಮಣ್ಣು ಹಾಕ!" ಎಂದವರು ಥಟ್ಟನೆ ಹೆದರಿ, "ನಾನು ಕೇಳಿಲ್ಲ ನೋಡು. ಯಾವತ್ತಾದ್ರೂ ಕೇಳಿದ್ನಾ? ನೀನೇ ಹೇಳು," ಎಂದರು.

"ನೀವು ಕೇಳಲಿಲ್ಲ."

"ಮತ್ತೆ! ಒಂದು ಮಾತು ಆಡಿಲ್ಲ."

"ಅವನು ಇದನ್ನು ಯಾಕೆ ಇಸಿದುಕೊಂಡ?"

ಹಾಲಮ್ಮನವರು ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. "ನಿನ್ನ ಕರ್ಕಂಡು ಹೋಗಾಕೆ. ನಾನೂ ಕೇಳ್ದೆ, ಅಲ್ಲೋ ಪಂಪ, ಚಾವಡೀಲಿ ಹೊಸಾದು ಸಿಗ್ತೈತೆ, ನನ್ನ ಹರಕಲು ಯಾಕೋ ಅಂತ. ಅದಕ್ಕೆ ಅವನು ಏನಂದ ಗೊತ್ತಾ? 'ನಾನು ಯಾವ ಕಾಲ ತಂದ್ರೂ ಆ ಕಾಲಕ್ಕೆ ಅವಳು ಹೋಗ್ತಾಳೆ ದೊಡ್ಡವ್ವ, ಹೋದೋಳು ಬರಲ್ಲ. ನಿಂದಾದ್ರೆ ವಾಪಸ್ ಕೊಡ್ಬೇಕಲ್ಲ. ಅದಕ್ಕಾದ್ರೂ ಬರ್ತಾಳೆ.' ಹಂಗಂದ."

"ಮತ್ತೆ ಕರೆದುಕೊಂಡು ಹೋಗಲಿಲ್ಲ."

"ಒಬ್ನೇ ಹೋಗಿ ದಾರಿ ನೋಡ್ಕಂಡು ಬಂದ. ಈ ವರ್ಷ ಚಳಿ ಜಾಸ್ತಿ, ಬರೋ ವರ್ಷ ಹೋಗ್ತೀವಿ ಅಂದ. ಅವನು ಹಂಗೇ ಅಲ್ವೇನವ್ವ."

ಅವನು ಹಾಗೆಯೇ. ಊರಿಗೆಲ್ಲ ಸಲಹೆ ಹೇಳಿದವನ ಲೆಕ್ಕ ಒಂದೇ ಒಂದು ಸಲ ಕರಾರುವಾಕ್ಕಾಗಿ ನಡೆದಿತ್ತು. ನಾನು ಹೋಗಿದ್ದೆ, ಕಂಬಳಿ ಕೊಡಲು ವಾಪಸ್ ಬಂದಿದ್ದೆ. ನೋಡಲು ಅವನಿರಲಿಲ್ಲ, ಅಷ್ಟೇ. ನನಗೆ ನಗು ಬಂತು. ಹಾಲಮ್ಮನವರು ಗಾಬರಿಯಿಂದ ನನ್ನ ಮುಖ ನೋಡಿದರು, ಆಮೇಲೆ ಅವರೂ ಸೆರಗು ಬಾಯಿಗೆ ಒತ್ತಿಕೊಂಡರು.

"ನಾ ತಿರುಗಿ ಬಂದ ಮೇಲೆ ನೀನೇ ಇಸ್ಕಂಡು ಹೋಗು," ಎಂದರು.

"ಮೊದಲು ಬಾಣಂತನ ಮುಗಿಸಿ ಬನ್ನಿ." ಬಾಣಂತನ ಮುಗಿಯುವ ಹೊತ್ತಿಗೆ ಚಳಿಗಾಲ ಮುಗಿದಿರುತ್ತದೆ, ಅವರು ಬರುವುದು ಮುಂದಿನ ಚಳಿಗೆ. ಇಬ್ಬರಿಗೂ ಅದು ಗೊತ್ತಿತ್ತು. ಸಂಜೆಯ ಬಸ್ಸು ಇನ್ನೂ ಇತ್ತು.

ಅವರು ಎದ್ದು ಸೀರೆಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದರು. ನಾನು ಹೆಗಲಿನಿಂದ ಕಂಬಳಿ ತೆಗೆದು, ನಾಲ್ಕು ಮಡಿಕೆ ಮಾಡಿ, ಅವರ ಕೈಯಲ್ಲಿಟ್ಟೆ. ಅವರು ಅದನ್ನು ಎದೆಗೆ ಒತ್ತಿಕೊಂಡರು.

"ಇನ್ನೂ ಬೆಚ್ಚಗೈತೆ," ಎಂದರು.

ನನಗೆ ಚಳಿಯಾಗತೊಡಗಿತ್ತು.